ಅಕ್ಕನ ಕೈ ನಿಂತುಹೋದ ಬೆಳಗು

ನನ್ನ ಅಕ್ಕ ಹುಟ್ಟಿನಿಂದಲೇ ಕಿವಿ ಕೇಳದವಳು. ಆಕೆ ಮಾತಾಡುವುದು ಕೈಯಿಂದ. ಆ ಕೈಮಾತನ್ನು ಆಕೆಗೆ ಯಾವ ಶಾಲೆಯೂ ಕಲಿಸಲಿಲ್ಲ, ನಮ್ಮ ಅಜ್ಜಿ ಕಟ್ಟಿಕೊಟ್ಟಳು. ಮೂಗಿನ ಮೇಲೆ ಬೆರಳಿಟ್ಟರೆ ಅವ್ವ, ಏಕೆಂದರೆ ಅವ್ವನ ಮೂಗುಬೊಟ್ಟು ದೊಡ್ಡದು. ಹೆಗಲ ಮೇಲೆ ಕೋಲು ಅಡ್ಡ ಇಟ್ಟಂತೆ ಮಾಡಿದರೆ ಕುರಿಯ ಹಿಂದೆ ಹೋದ ಅಪ್ಪ. ಅಂಗೈಯಿಂದ ಹಣೆ ಉಜ್ಜಿಕೊಂಡರೆ ದೇವರು. ನಾನು ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವನು, ಹುಟ್ಟಿದ ಮೇಲೆ ಮೂರು ತಿಂಗಳು ಬಾಯಿ ಮುಚ್ಚಲಿಲ್ಲವಂತೆ. ಅದಕ್ಕೆ ಅಜ್ಜಿ ನನಗಿಟ್ಟ ಹೆಸರು ಹೀಗಿತ್ತು: ಬಾಯಿ ಅಗಲ ತೆರೆದು, ಗಂಟಲಿನಿಂದ ಕೈಯನ್ನು ಊರಾಚೆಗೆ ಬೀಸಿ ಎಸೆಯುವುದು. ನನ್ನ ಅಳುವನ್ನು ಅಕ್ಕ ಕೇಳಿದವಳಲ್ಲ. ನನ್ನ ಎದೆಯ ಮೇಲೆ ಅಂಗೈ ಇಟ್ಟು, ಅದು ನಡುಗುವುದನ್ನು ನೋಡಿ, ಓಹೋ ಇವನು ಅಳುತ್ತಿದ್ದಾನೆ ಎಂದು ತಿಳಿದವಳು.

ಬಾಯಿಮಾತು, ಕೈಮಾತು ಎರಡನ್ನೂ ನಾನು ಅಜ್ಜಿಯ ಮಡಿಲಲ್ಲೇ ಕಲಿತೆ. ಆದರೆ ಕೈಮಾತಿನಲ್ಲಿ ಗಂಡುಮಕ್ಕಳಿಗೆ ಕಲಿಸದ ಮಾತುಗಳೂ ಇದ್ದವು, ನಾನು ಹುಟ್ಟುವ ಮೊದಲಿನ ಸಂಗತಿಗಳಿಗೆ ಕಟ್ಟಿದ ಮಾತುಗಳೂ ಇದ್ದವು. ಅವು ಅಜ್ಜಿ, ಅವ್ವ, ಅಕ್ಕ ಮೂವರ ನಡುವೆಯೇ ಓಡಾಡುತ್ತಿದ್ದವು. ಅಜ್ಜಿ ಹೋದ ಮೇಲೆ ಅಕ್ಕನ ಮಾತನ್ನು ಪೂರ್ತಿ ಬಲ್ಲವಳು ಈ ಭೂಮಿಯ ಮೇಲೆ ಅವ್ವ ಒಬ್ಬಳೇ ಉಳಿದಳು.

ಅಕ್ಕನನ್ನು ಗದ್ವಾಲದ ಆಚೆ, ಮಲ್ದಕಲ್ ಕಡೆಯ ಒಂದು ಊರಿಗೆ ಕೊಟ್ಟರು. ನಾವಿರುವುದು ನಾರಾಯಣಪೇಟೆಯಲ್ಲಿ, ಮಗ್ಗದ ಮನೆಗಳ ನಡುವಿನ ಒಂದು ಇಕ್ಕಟ್ಟಾದ ಓಣಿಯಲ್ಲಿ. ಗೋಡೆಗಳೆಲ್ಲ ಕಲ್ಲು. ಮೊಬೈಲಿನಲ್ಲಿ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಅಕ್ಕನಿಗೆ ಧ್ವನಿ ಕಟ್ಟಿಕೊಂಡು ಏನಾಗಬೇಕು? ಅದಕ್ಕೇ ಮನೆಗೆ ವೈರು ಎಳೆಸಿ ವೈಫೈ ಪೆಟ್ಟಿಗೆ ಹಾಕಿಸಿದೆ. ಮೊದಲ ದಿನ ಅಕ್ಕನ ಹತ್ತೂ ಬೆರಳು ಫೋನಿನಲ್ಲಿ ಹರಳಿನಂತೆ ಕಂಡಾಗ ಅವ್ವ ಎದ್ದು ಹೋಗಿ ದೇವರ ಗೂಡಿನಲ್ಲಿ ಬೀರಪ್ಪನ ಮಗ್ಗುಲಿಗೆ ಜಾಗ ಮಾಡಿದಳು.

"ಮಗಳ ಕೈ ಬರೋ ಪೆಟಗಿ ಇದು. ನೆಲದಾಗ ಇಡತಾರೇನು?"

ಅಂದಿನಿಂದ ಅದು ಅಲ್ಲೇ. ಅರಿಶಿನದ ಪುಡಿಯನ್ನು ನಾವು ಭಂಡಾರ ಎನ್ನುತ್ತೇವೆ, ಮೈಲಾರನದು, ಬೀರಪ್ಪನದು. ಭಾನುವಾರ ಅವ್ವ ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಅದನ್ನು ಹಚ್ಚುತ್ತಾಳೆ. ಉಣ್ಣೆ ಕತ್ತರಿಸುವ ಕತ್ತರಿಗೆ, ಕುಡಗೋಲಿಗೆ, ಹೊಲಿಗೆ ಯಂತ್ರದ ಸೂಜಿಗೆ, ನನ್ನ ಗಾಡಿಯ ಕೀಲಿಗೆ. ಕೆಲಸ ಮಾಡುವುದು ತುದಿ, ಆದ್ದರಿಂದ ತುದಿಗೇ ಹಚ್ಚಬೇಕು ಎಂದು ಅಜ್ಜಿಯ ಕಾಲದ ಕಟ್ಟಳೆ. ಪೆಟ್ಟಿಗೆಗೆ ಎಲ್ಲಿದೆ ತುದಿ? ನೆತ್ತಿಗೆ ಒಂದು ಬೊಟ್ಟು ಇಟ್ಟು ಸುಮ್ಮನಾಗುತ್ತಿದ್ದಳು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅಕ್ಕ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಾಗಬೇಕು. ಕರೆದುಕೊಂಡು ಬರುವ ದಿನವನ್ನೂ ನೋಡಿಟ್ಟಿದ್ದೆವು. ಅಷ್ಟರಲ್ಲಿ ಅವ್ವ ಮೆಟ್ಟಿಲಿನಿಂದ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಒಳಗೆ ರಾಡು, ಮೇಲೆ ಪಟ್ಟಿ, ಮಂಚ ಬಿಟ್ಟು ಇಳಿಯುವಂತಿಲ್ಲ. ಬಾಣಂತನ ಮಾಡುವವಳೇ ಮಲಗಿದ ಮೇಲೆ ಬಸುರಿಯನ್ನು ಕರೆತಂದು ಏನು ಮಾಡುವುದು? ಅಕ್ಕ ಅಲ್ಲೇ ಉಳಿದಳು. ದಿನಕ್ಕೆರಡು ಸಲ ಪೆಟ್ಟಿಗೆಯ ಮೂಲಕ ತಾಯಿ ಮಗಳ ಕೈಗಳು ಮಾತಾಡಿಕೊಳ್ಳುತ್ತಿದ್ದವು.

ಸೋಮವಾರ ಚಿತ್ರ ಸ್ವಲ್ಪ ತಡೆದು ತಡೆದು ಬಂತು. ಎಲ್ಲೋ ಮೋಡ ಕವಿದಿರಬೇಕು ಎಂದುಕೊಂಡೆ. ಅವತ್ತೇ ಯಾರನ್ನಾದರೂ ಕರೆಸಿ ತೋರಿಸಬೇಕಿತ್ತು.

ಮಂಗಳವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅಕ್ಕನ ಅತ್ತೆಯ ಫೋನು ಬಂತು. ಬರೀ ಧ್ವನಿ.

"ತಮ್ಮಾ, ಗದ್ವಾಲ ದವಾಖಾನ್ಯಾಗ ಅದೀವಿ. ನಸುಕಿನ್ಯಾಗ ಬ್ಯಾನಿ ಸುರು ಆದ್ವು. ಕೂಸಿನ ಎದಿಬಡಿತ ಇಳಿಯಾಕ ಹತ್ತೈತಂತ, ಆಪರೇಶನ್ ಮಾಡಿ ತೆಗೀಬೇಕಂತ. ಅದಕ್ಕಿಂತ ಮೊದಲ ಒಂದು ಸೂಜಿ ಮಾಡಬೇಕು. ನಿಮ್ಮಕ್ಕ ಮಾಡಗೊಡವಲ್ಲಳು! ಸಿಸ್ಟರಮ್ಮನ ಕೈ ಹಿಡದು ದೂಡತಾಳ. ಕೈಲೆ ಏನೋ ಹೇಳತಾಳ, ನನಗ ಒಂದೂ ತಿಳಿವಲ್ದು. ಜಲ್ದಿ ವಿಡಿಯೋ ಹಚ್ಚು, ನಿಮ್ಮವ್ವ ನೋಡ್ಲಿ."

ಭಾವ ಲಾರಿ ಓಡಿಸುವವನು, ಆವತ್ತು ಹೊಸಪೇಟೆಯ ಆಚೆ ಎಲ್ಲೋ ಇದ್ದ. ಅಪ್ಪ ಕುರಿಗಳೊಂದಿಗೆ ದೂರದ ಬೀಡಿನಲ್ಲಿದ್ದ. ನಾನು ಈಗಿಂದೀಗ ಗಾಡಿ ಹತ್ತಿದರೂ ಮಕ್ತಲ್ ದಾಟಿ, ಕೃಷ್ಣೆ ದಾಟಿ ಗದ್ವಾಲ ಮುಟ್ಟುವುದು ಎಷ್ಟು ಹೊತ್ತಿಗೆ! ಡಾಕ್ಟರಮ್ಮ ಅರ್ಧ ತಾಸಿಗಿಂತ ಹೆಚ್ಚು ಕಾಯಲಾಗದು ಎಂದಿದ್ದರಂತೆ. ಒಲ್ಲೆ ಎನ್ನುವವಳನ್ನು ನಾಲ್ಕು ಜನ ಅದುಮಿ ಹಿಡಿದು ಸೂಜಿ ಚುಚ್ಚಬಹುದಿತ್ತು. ಆದರೆ ಆ ಸಿಸ್ಟರಮ್ಮ ಒಳ್ಳೆಯ ಜೀವ. ಇದು ಬರೀ ಹೆದರಿಕೆಯಲ್ಲ, ಈಕೆ ಏನೋ ಹೇಳುತ್ತಿದ್ದಾಳೆ, ತಾಯಿಯನ್ನು ಕೇಳಿ ಎಂದು ಹಟ ಹಿಡಿದದ್ದು ಅವರೇ.

ವಿಡಿಯೋ ಹಚ್ಚಿದೆ. ಅಕ್ಕನ ಮುಖ ಬಂತು, ಚೌಕ ಚೌಕವಾಗಿ ಒಡೆಯಿತು. ಒಂದು ಕೈ ಮೇಲೆದ್ದಿತು, ಅಲ್ಲೇ ನಿಂತಿತು. ಅದರ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ತಿರುಗಿ ತಿರುಗಿ ಫೋನು ಕಟ್ಟಾಯಿತು. ಮತ್ತೆ ಹಚ್ಚಿದೆ, ಈ ಸಲ ಕೈಯೂ ಬರಲಿಲ್ಲ. ಬರೀ ಒಂದು ಬೂದುಬಣ್ಣದ ಮುದ್ದೆ.

"ಆಕಿ ನನ್ನ ನೋಡಿದಳೇನೋ?" ಎಂದಳು ಅವ್ವ, ಮಂಚದ ಮೇಲೆ ಮೊಣಕೈ ಊರಿ.

"ಇಲ್ಲಬೇ. ನೆಟ್ ಬರವಲ್ದು."

"ಯಾಕ ಬರವಲ್ದು? ನಿನ್ನೆ ಬಂದಿತ್ತಲ್ಲ!"

ಯಾಕೆ ಎಂದು ಗೊತ್ತಿದ್ದರೆ! ಪೆಟ್ಟಿಗೆಯ ಗುಂಡಿ ಆರಿಸಿ ಹತ್ತು ಎಣಿಸಿ ಮತ್ತೆ ಹಾಕಿದೆ. ಅದು ಎಚ್ಚರಗೊಳ್ಳಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಒಂದೊಂದೇ ದೀಪ ಹತ್ತುವುದನ್ನು ನೋಡುತ್ತ ನಿಂತಾಗ, ಅರ್ಧ ತಾಸಿನೊಳಗಿನ ಎರಡು ನಿಮಿಷವೆಂದರೆ ಎಷ್ಟೆಂದು ಗೊತ್ತಾಯಿತು. ದೀಪ ಹತ್ತಿದವು. ಚಿತ್ರ ಬರಲಿಲ್ಲ. ಟಿವಿಯ ವೈರು ಕಿತ್ತೆ. ಅವ್ವನ ಫೋನು ಬಿಟ್ಟು ನನ್ನ ಫೋನಿನಿಂದ ಮಾಡಿದೆ. ಗೋಡೆ ಅಡ್ಡ ಬರುತ್ತಿರಬಹುದೆಂದು ಅವ್ವನ ಮಂಚವನ್ನೇ ದರದರ ಎಳೆದು ದೇವರ ಗೂಡಿನ ಬುಡಕ್ಕೆ ತಂದೆ. ಫೋನಿನಲ್ಲಿ ನೆಟ್ಟಿನ ವೇಗ ತೋರಿಸುವ ಮುಳ್ಳು ಮುದಿ ಎತ್ತಿನಂತೆ ಒಂದು ಹೆಜ್ಜೆ ಎದ್ದು ಮತ್ತೆ ಕುಸಿಯಿತು.

ಅಷ್ಟರಲ್ಲಿ ಅತ್ತೆಯ ಫೋನು ಮತ್ತೆ ಬಂತು. ಅವ್ವ ಕಸಿದುಕೊಂಡಳು.

"ಬೀಗ್ತ್ಯಾರ, ನೀವರ ಹೇಳ್ರಿ, ಕೈ ಹೆಂಗ ಮಾಡತಾಳ?"

"ಹಿಂಗ ಮಾಡತಾಳ್ರಿ."

"ಹಿಂಗ ಅಂದ್ರ ಹೆಂಗ್ರಿ?"

"ಅಯ್ಯ, ಹಿಂಗ್ರಿ! ನೋಡ್ರಿ ಇಲ್ಲಿ, ನನ್ನ ಕೈ!"

"ನಿಮ್ಮ ಕೈ ಕಂಡಿದ್ರ ಆಕಿ ಕೈಯ ಕಾಣತಿತ್ತಲ್ರೀ ನಮ್ಮವ್ವಾ! ಬಾಯಿಲೆ ಹೇಳ್ರಿ, ಬಾಯಿಲೆ!"

"ಬಾಯಿಲೆ ಹೆಂಗ ಹೇಳಲಿ? ಎರಡೂ ಕೈ ಎತ್ತತಾಳ, ಬ್ಯಾನಿ ಬರತೈತಿ, ಇಳಸತಾಳ. ಮತ್ತ ಎತ್ತತಾಳ. ಎರಡೂ ಕಣ್ಣು ಮುಚ್ಚಕೊಂತಾಳ್ರಿ." ಆ ಹೆಂಗಸಿನ ಧ್ವನಿ ಒಡೆಯಿತು. "ನಾ ಸಾಯತೀನಿ ಅಂತಾಳೇನ್ರಿ ಹಂಗಂದ್ರ?"

ಅವ್ವ ಫೋನನ್ನು ಎದೆಗೊತ್ತಿಕೊಂಡು ನನ್ನ ಕಡೆ ನೋಡಿದಳು. ಕಣ್ಣು ಮುಚ್ಚುವುದು ನಮ್ಮ ಕೈಮಾತಿನಲ್ಲಿ ನಿದ್ದೆ, ಅದೇ ಸಾವು, ಅದೇ ನಾಚಿಕೆ. ಅದಕ್ಕೂ ಮೊದಲು ಯಾವ ಬೆರಳು ಎಲ್ಲಿ ಹೋಯಿತು ಎನ್ನುವುದರ ಮೇಲೆ ಮಾತು ನಿಲ್ಲುತ್ತದೆ. ಸಿಸ್ಟರಮ್ಮ ತಮ್ಮ ಫೋನಿನಲ್ಲಿ ಒಂದು ಗಳಿಗೆಯ ವಿಡಿಯೋ ತೆಗೆದು ಕಳಿಸಿದರು. ಫೋನು ಹಿಡಿದು ನಾನು ಬರಿಗಾಲಲ್ಲಿ ಓಣಿಯ ಬಾಯಿಯವರೆಗೆ ಓಡಿದೆ, ಅಲ್ಲಿ ಮೊಬೈಲ್ ಸಿಗ್ನಲ್ಲಿಗೆ ಅದು ಹೇಗೋ ಇಳಿಯಿತು. ತಂದು ಅವ್ವನಿಗೆ ತೋರಿಸಿದೆ. ಅಕ್ಕ ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ತಿರುಗಿಸಿದ್ದಳು, ಕೈ ಸೆರಗನ್ನು ಹಿಂಡುತ್ತಿತ್ತು.

"ಇದು ಮಾತಲ್ಲಪ್ಪ, ಇದು ನೋವು," ಎಂದಳು ಅವ್ವ. "ನನ್ನ ಮಾರಿ ಕಂಡ್ರ ಆಕಿ ಮಾತಾಡತಾಳ. ತಿಳಕೊಳ್ಳಲಾರದವರ ಮುಂದ ಎಷ್ಟಂತ ಮಾತಾಡ್ಯಾಳು?"

ಹಾಗಾದರೆ ಅವ್ವನನ್ನೇ ಓಣಿಯ ಬಾಯಿಗೆ ಒಯ್ಯೋಣವೆಂದು ಕಂಕುಳಿಗೆ ಕೈ ಹಾಕಿ ಎತ್ತಿದೆ. ಆಕೆ ಕಿರುಚಿದ ಕೂಗು ಇವತ್ತಿಗೂ ಆ ಗೋಡೆಗಳಲ್ಲಿದೆ. ಮಲಗಿಸಿದೆ. ತಪ್ಪು ಯಾರದ್ದಾದರೂ ಆಗಲೇಬೇಕು ಎನಿಸುವ ಹೊತ್ತು ಅದು. ನಮ್ಮ ಪಾಸ್‌ವರ್ಡು ಗೊತ್ತಿದ್ದದ್ದು ಪಕ್ಕದ ಮನೆಗೆ ಮಾತ್ರ. ಹೊರಗೆ ಹೋಗಿ ಅವರ ಬಾಗಿಲಿಗೆ ಗುದ್ದಿದೆ. ಪಕ್ಕದ ಮನೆಯಾಕೆ ಮಗ್ಗದ ಮೇಲಿನಿಂದ ಎದ್ದು ಬಂದಳು, ಅಂಚಿನ ನೂಲು ಇನ್ನೂ ಬೆರಳಿಗೆ ಸುತ್ತಿಕೊಂಡಿತ್ತು.

"ಏನ್ರಿ ಕಾಕೂ, ನಮ್ಮ ನೆಟ್ಟೆಲ್ಲಾ ನೀವ ಕುಡಿಯಾಕ ಹತ್ತೀರೇನು? ಸೀರಿಯಲ್ ಬಂದ್ ಮಾಡ್ರಿ!"

"ನನ್ನ ಮುಂದ ಒಂದು ಸೀರಿ ಅರ್ಧಕ್ಕ ನಿಂತೈತಿ, ಸೀರಿಯಲ್ ಎಲ್ಲಿದೋ? ಫೋನು ಚಾರ್ಜ್ ಇಲ್ಲದ ಸತ್ತು ಬಿದ್ದೈತಿ, ಬಂದು ನೋಡು. ನಿಮ್ಮ ನೆಟ್ಟೇನು ಹಾಲೇನು, ನಾ ಕುಡಿಯಾಕ?" ಎಂದವಳು ನನ್ನ ಮುಖ ನೋಡಿ ದನಿ ಬದಲಿಸಿದಳು. "ಏನಾತೋ? ಅಕ್ಕಗೇನಾತು?"

ಹೇಳಿದೆ. ಆಕೆ ನೂಲು ಹರಿದು ಬಿಸಾಡಿ ನನಗಿಂತ ಮೊದಲು ನಮ್ಮ ಮನೆಯೊಳಗೆ ಹೋಗಿ ಅವ್ವನ ತಲೆದೆಸೆಯಲ್ಲಿ ಕುಳಿತಳು.

ನೆಟ್ ಕಂಪನಿಯ ನಂಬರಿಗೆ ಮಾಡಿದೆ. ತೆಲುಗಿಗೆ ಒಂದು ಒತ್ತಿ, ಇನ್ನೊಂದಕ್ಕೆ ಎರಡು ಒತ್ತಿ ಎಂದಿತು. ಒತ್ತಿ ಒತ್ತಿ ಕೊನೆಗೆ ಪಿಟೀಲು ಬಾರಿಸತೊಡಗಿತು. ಅಲ್ಲಿ ಅಕ್ಕನ ಹೊಟ್ಟೆಯೊಳಗೆ ಒಂದು ಎದೆಬಡಿತ ಇಳಿಯುತ್ತಿದೆ, ಇಲ್ಲಿ ನನ್ನ ಕಿವಿಗೆ ಪಿಟೀಲು. ಕಟ್ಟು ಮಾಡಿ, ಅಂದು ವೈರು ಎಳೆದು ಹೋಗಿದ್ದ ಲೈನ್‌ಮನ್ ನಂಬರು ಹುಡುಕಿದೆ. ನಲವತ್ತರ ಆಸುಪಾಸಿನ ಮನುಷ್ಯ. ನಂಬರನ್ನು ಅವ್ವ ಬಾಗಿಲ ಹಿಂದೆ ಸುಣ್ಣದ ಕಲ್ಲಿನಿಂದ ಬರೆಸಿದ್ದಳು.

"ಅಣ್ಣಾ, ನಾ ಉಟ್ಕೂರ್ ಕಡೆ ಕಂಬದ ಮ್ಯಾಲ ಅದೀನ್ರಿ. ಬರಾಕ ಒಂದು ತಾಸು ಹಿಡಿತೈತಿ."

"ಒಂದು ತಾಸಿಗಿ ನಮ್ಮಕ್ಕ ಇರತಾಳೋ ಇಲ್ಲೋ."

ಅವನು ಹೇಳಿದ: "ಹಂಗಾದ್ರ ನಾ ಕಂಬದ ಮ್ಯಾಲಿಂದ ಹೇಳತೀನಿ, ನಿಮ್ಮ ಕೈಲೆ ಮಾಡಸತೀನಿ. ಫೋನಿಂದು ಸ್ಪೀಕರ್ ಹಾಕಿ ಕೆಳಗಿಡ್ರಿ. ಪೆಟಗಿ ಮ್ಯಾಲ ಕೆಂಪ ದೀಪ ಐತೇನು?"

"ಒಂದು ಆಗಾಗ ಮಿಣುಕತೈತಿ."

"ಆಗಾಗ ಅಂದ್ರ ಬೆಳಕು ಬರಾಕ ಹತ್ತೈತಿ, ಪೂರಾ ಬರವಲ್ದು. ಆ ವೈರಿನ್ಯಾಗ ಬರೋದು ಕರೆಂಟ್ ಅಲ್ರಿ, ಬೆಳಕು. ಎಲ್ಲರ ಮಡಚೈತೇನು, ಇಲಿ ಕಡದೈತೇನು, ಬೆರಳಾಡಿಸಿ ನೋಡ್ರಿ."

ಬಾಗಿಲ ಮೇಲಿನ ತೂತಿನಿಂದ ಗೂಡಿನವರೆಗೆ ಬೆರಳಾಡಿಸಿದೆ. ಎಲ್ಲೂ ಮಡಿಕೆಯಿಲ್ಲ, ಹಲ್ಲಿನ ಗುರುತಿಲ್ಲ.

"ಈಗ ಪೆಟಗಿ ಬಂದ್ ಮಾಡ್ರಿ. ಹಸಿರು ತಲಿದು ಪಿನ್ ಐತಲ್ಲ, ಮೆತ್ತಗ ಕೀಳ್ರಿ. ಕಣ್ಣಿಗೆ ಎದುರು ಹಿಡೀಬ್ಯಾಡ್ರಿ. ಮಗ್ಗಲದಿಂದ ನೋಡ್ರಿ, ತುದಿ ಹೆಂಗೈತಿ?"

"ಹಳದಿ ಐತಿ."

"ವೈರ್ ಹಳದಿನ ಇರತೈತಿ ಅಣ್ಣಾ. ನಾ ತುದಿ ಕೇಳಾಕ ಹತ್ತೀನಿ."

"ತುದೀನ ಹಳದಿ ಐತಿ!"

"ತುದಿ ಬೆಳ್ಳಗಿರಬೇಕಲ್ರಿ?"

ಬೆರಳಿಗೆ ಹತ್ತಿದ್ದನ್ನು ಮೂಗಿಗೆ ಹಿಡಿದೆ. ಅದರ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ತಿರುಗಿ ನೋಡಿದರೆ ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು.

"ಮೊನ್ನೆ ಐತ್ವಾರ ನಾನ ಭಂಡಾರ ಹಚ್ಚೀನೋ ಯಪ್ಪಾ," ಎಂದಳು. "ದಿನಾ ತುಂಬ್ಯಾವ ಆಕಿಗಿ. ಕಾಲಿದ್ದಿದ್ರ ನಾ ಹೋಗತಿದ್ದೆ. ಪೆಟಗಿ ಒರಸುವಾಗ ಆ ವೈರ್ ಬಿಚ್ಚಿ ಬಂತು. ಹಂಗಾದ್ರ ಇದರ ತುದಿ ಇದ ಐತಿ, ಇದರಾಗಿಂದನ ಆಕಿ ಕೈ ಬರತಾವ ಅನಕೊಂಡೆ. ಹೆರಿಗಿ ಸಸೂತ್ರ ಆಗಲಿ ಅಂತ..."

"ಗೂಡಿನಾಗಿಂದ ಪೆಟಗಿ ತೆಗದು ಕೊಟ್ಟಾಕಿ ನಾನ," ಎಂದಳು ಪಕ್ಕದ ಮನೆಯಾಕೆ, ನೆಲ ನೋಡುತ್ತ. "ಆ ವೈರ್ ಮತ್ತ ಚುಚ್ಚಿದಾಕೀನೂ ನಾನ."

ನಾನು ಆಗ ದೇವರಿಗೆ ಒಂದು ಮಾತು ಅಂದೆ. ಅದನ್ನು ಇಲ್ಲಿ ಬರೆಯಲಾರೆ. ಅವ್ವ ತನ್ನ ಕೆನ್ನೆಗೆ ತಾನೇ ಬಡಿದುಕೊಂಡಳು.

"ಬೈಯೋದಿದ್ರ ನನ್ನ ಬೈಯೋ. ಆತನ್ನ ಬೈಬ್ಯಾಡ. ಆತಗೇನು ಗೊತ್ತು ವೈರಿಂದು!"

ಸ್ಪೀಕರಿನಲ್ಲಿ ಎಲ್ಲವೂ ಕಂಬಕ್ಕೆ ಕೇಳಿಸಿತ್ತು.

"ಅವ್ವಾರ," ಎಂದ ಲೈನ್‌ಮನ್. "ಅಳಬ್ಯಾಡ್ರಿ. ನಾನೂ ಬೀರಪ್ಪನ ಒಕ್ಕಲ. ನನ್ನ ಇಕ್ಕಳಕ್ಕ ನಮ್ಮವ್ವ ವಾರಾ ಹಚ್ಚತಾಳ. ಆದ್ರ ಈ ತುದಿ ಹಣಿ ಅಲ್ರಿ, ಇದು ಕಣ್ಣು. ಕಣ್ಣಾಗ ಭಂಡಾರ ತುಂಬಿದ್ರ ಏನು ಕಾಣತೈತ್ರಿ? ಈಗ ಕೂಸಿನ ಕಣ್ಣು ಒರಸಿದಂಗ ಒರಸಬೇಕು. ಸ್ಪಿರಿಟ್ ಐತೇನ್ರಿ ಮನ್ಯಾಗ?"

ಅವ್ವನ ಕಾಲಿನ ಹೊಲಿಗೆ ಒರೆಸಲು ಕೊಟ್ಟಿದ್ದ ಸ್ಪಿರಿಟ್ ಅರ್ಧ ಸೀಸೆ ಉಳಿದಿತ್ತು.

"ಎಳಿ ಬಿಡಲಾರದ ಮೆತ್ತನ್ನ ಅರಿವಿ ಬೇಕು. ಒಂದು ಎಳಿ ಉಳಿದ್ರೂ ಕೆಲಸ ಕೆಟ್ಟತು."

"ಅದು ನನ್ನ ಕೇಳ್ರಿ," ಎಂದು ಪಕ್ಕದ ಮನೆಯಾಕೆ ಎದ್ದು ಓಡಿದಳು. ಹತ್ತಾರು ಸಲ ಒಗೆದು ಹಾಲಿನ ಕೆನೆಯಂತಾದ ಹತ್ತಿಯ ತುಂಡೊಂದನ್ನು ತಂದಳು.

ಒರೆಸಲು ಹೋದೆ. ಆ ಸಣ್ಣ ಪಿನ್ನು ನನ್ನ ಬೆರಳಿನಿಂದ ಎರಡು ಸಲ ಜಾರಿತು. ಅವ್ವ "ತಾ ಇಲ್ಲಿ" ಎಂದಳು. ಆಗಷ್ಟೇ ಕೆನ್ನೆಗೆ ಬಡಿದುಕೊಂಡಿದ್ದ ಆಕೆಯ ಕೈಗಳು ಆ ವೈರು ಹಿಡಿದೊಡನೆ ಕಲ್ಲಿನಂತೆ ನಿಂತವು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ತಿಕ್ಕದೆ, ಒತ್ತದೆ, ಲೈನ್‌ಮನ್ ಹೇಳಿದಂತೆ ಮೂರು ಸಲ, ಪ್ರತಿ ಸಲ ಬಟ್ಟೆಯ ಹೊಸ ಜಾಗದಿಂದ. ಮೊದಲನೆಯ ಸಲ ಹಳದಿ ಗೆರೆ ಬಿತ್ತು. ಎರಡನೆಯ ಸಲ ತೆಳ್ಳಗೆ. ಮೂರನೆಯ ಸಲ ಏನೂ ಇರಲಿಲ್ಲ. ಪೆಟ್ಟಿಗೆಯ ತೂತನ್ನು ಕೆಳಗೆ ಮಾಡಿ ಮೆಲ್ಲಗೆ ತಟ್ಟಿದಾಗ ಒಂದು ಚಿಟಿಕೆ ಭಂಡಾರ ನನ್ನ ಅಂಗೈಗೆ ಉದುರಿತು.

"ಟಕ್ ಅನ್ನೋ ತನಕಾ ಒತ್ತ್ರಿ," ಎಂದ ಅವನು.

ಟಕ್ ಎಂದಿತು. ಗುಂಡಿ ಹಾಕಿದೆ. ಮತ್ತೆ ಆ ಎರಡು ನಿಮಿಷ. ಮೂವರೂ ಗೂಡಿನತ್ತ ಮುಖ ಮಾಡಿ ಕಾದೆವು. ನೋಡಿದವರು ಪೂಜೆ ನಡೆದಿದೆ ಎಂದುಕೊಳ್ಳಬೇಕು. ಹಸಿರು ದೀಪಗಳು ಒಂದರ ಹಿಂದೊಂದು ಹತ್ತಿದವು. ಕೆಂಪು ಮಿಣುಕಲಿಲ್ಲ.

ಅಕ್ಕ ಬಂದಳು. ಬೆವರಿಗೆ ಅಂಟಿದ ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ. ಅವ್ವನ ಮುಖ ಕಂಡದ್ದೇ ತಡ, ಆಕೆಯ ಎರಡೂ ಕೈ ಎದ್ದವು. ಮೊದಲು ರಟ್ಟೆಗೆ ಒಂದು ಬೆರಳು ಚುಚ್ಚಿದಳು. ಆಮೇಲೆ ಕೆನ್ನೆ ಉಬ್ಬಿಸಿ, ಎರಡೂ ಅಂಗೈಯಿಂದ ಕಣ್ಣು ಮುಚ್ಚಿ, ಕುತ್ತಿಗೆ ಹಿಡಿದುಕೊಂಡಳು. ಕೊನೆಗೆ ಬೆನ್ನ ಹಿಂದೆ ಕೈ ಕಟ್ಟಿ ಬಗ್ಗಿ ನಡೆಯುವಂತೆ ಹೆಗಲು ಅಲುಗಿಸಿದಳು. ಆ ಕೊನೆಯದು ನನಗೂ ಗೊತ್ತಿತ್ತು. ಅದು ಅಜ್ಜಿ.

ಅವ್ವನಿಗೆ ಒಮ್ಮೆಲೇ ಎಲ್ಲ ನೆನಪಾಯಿತು. ನಾನು ಹುಟ್ಟುವ ಮುಂಚೆ, ಕುರಿಗಳೊಂದಿಗೆ ಮಕ್ತಲ್ ಕಡೆ ಬೀಡುಬಿಟ್ಟಿದ್ದಾಗ ಅಕ್ಕನಿಗೆ ಜ್ವರ ಬಂದು ಒಂದು ಸೂಜಿ ಮಾಡಿಸಿದ್ದರಂತೆ. ಗಳಿಗೆಯೊಳಗೆ ಮೈಯೆಲ್ಲ ಬಾತು, ಕಣ್ಣು ಮುಚ್ಚಿಹೋಗಿ, ಉಸಿರು ಕಟ್ಟಿತ್ತಂತೆ. ಅಜ್ಜಿ ಬೆನ್ನ ಮೇಲೆ ಹೊತ್ತು ಓಡಿದ್ದಳಂತೆ. ಈ ಸೂಜಿ ಈ ಮಗುವಿಗೆ ಇನ್ನು ಯಾವತ್ತೂ ಮಾಡಿಸಬೇಡಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ.

"ಏಮಂಟುಂದಮ್ಮಾ ಮೀ ಬಿಡ್ಡ?" ಸಿಸ್ಟರಮ್ಮ ತೆಲುಗಿನಲ್ಲಿ ಕೇಳಿದರು, ಏನನ್ನುತ್ತಾಳಮ್ಮಾ ನಿಮ್ಮ ಮಗಳು ಎಂದು.

ಅವ್ವ ಕನ್ನಡ, ತೆಲುಗು ಎರಡನ್ನೂ ಕಲೆಸಿ ಹೇಳಿದಳು. ಬಾಯಿ ಅವರಿಗೆ ಹೇಳುತ್ತಿದ್ದರೆ ಕೈ ಅಕ್ಕನಿಗೆ ಹೇಳುತ್ತಿತ್ತು: ತಿಳೀತು, ತಿಳೀತು, ಹೇಳತೀನಿ, ಹೆದರಬ್ಯಾಡ. ಸಿಸ್ಟರಮ್ಮ ಸೂಜಿಯನ್ನು ತಟ್ಟೆಯಲ್ಲಿಟ್ಟು ಒಳಗೆ ಓಡಿದರು. ಡಾಕ್ಟರಮ್ಮ ಬಂದು ಅವ್ವನಿಂದ ಇನ್ನೊಮ್ಮೆ ಕೇಳಿಸಿಕೊಂಡು, ಈ ಸೂಜಿಯೂ ಅದೇ ಜಾತಿಯದಿರಬಹುದೆಂದು ಬೇರೆ ಔಷಧ ಬರೆದರು. ಹೊಸ ಸೂಜಿ ಬಂದಾಗ ಅವ್ವ ಹಣೆ ಉಜ್ಜಿ, ಎದೆ ಮುಟ್ಟಿಕೊಂಡು, ದೇವರಿದ್ದಾನೆ, ನಾನಿದ್ದೇನೆ ಎಂದು ತೋರಿಸಿದಳು. ಅಕ್ಕ ತಾನಾಗಿ ತೋಳು ಚಾಚಿದಳು. ಆಮೇಲೆ ಮಂಚ ಉರುಳಿಸಿಕೊಂಡು ಹೋದರು. ಫೋನಿನಲ್ಲಿ ಬರೀ ಬಿಳಿ ಗೋಡೆ ಉಳಿಯಿತು, ಆಮೇಲೆ ಅದೂ ಕಟ್ಟಾಯಿತು.

ಕಾದೆವು. ಸರಿಯಾದ ಸೂಜಿ ಸಿಕ್ಕಿತು, ಆದರೆ ನಾವು ತಿಂದುಹಾಕಿದ ಆ ಹೊತ್ತು? ಕೂಸು ಅದನ್ನು ತಾಳಿಕೊಂಡಿತೇ? ಅವ್ವ ಆ ಹತ್ತಿಯ ತುಂಡನ್ನು ಮಡಚುತ್ತ ಬಿಚ್ಚುತ್ತ ಇದ್ದಳು. ನನ್ನ ಅಂಗೈಗೆ ಉದುರಿದ ಆ ಚಿಟಿಕೆ ಭಂಡಾರವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದು ಕುಳಿತಿದ್ದೆ. ಪಕ್ಕದ ಮನೆಯಾಕೆ ಒಂದೇ ಸಮನೆ ಬಾಗಿಲ ಕಡೆ ನೋಡುತ್ತಿದ್ದಳು, ಯಾರೋ ನಡೆದುಕೊಂಡೇ ಸುದ್ದಿ ತರುತ್ತಾರೆ ಎನ್ನುವಂತೆ.

ಬಿಸಿಲು ಅಂಗಳದ ಕಟ್ಟೆ ಹತ್ತುವ ಹೊತ್ತಿಗೆ ವಿಡಿಯೋ ಬಂತು. ಫೋನು ಹಿಡಿದವರು ಅಕ್ಕನ ಅತ್ತೆ, ಅರ್ಧ ಚಿತ್ರಕ್ಕೆ ಅವರ ಹೆಬ್ಬೆಟ್ಟೇ ಅಡ್ಡ. ಅದರಾಚೆಗೆ ಅಕ್ಕ ಮಲಗಿದ್ದಳು. ಎದೆಯ ಮಗ್ಗುಲಲ್ಲಿ ಬಟ್ಟೆಯ ಒಂದು ಗಂಟು. ನಮ್ಮ ಇಡೀ ಮನೆ ತುಂಬುವಂತೆ ಸದ್ದು ಬರುತ್ತಿತ್ತು. ಅದು ಅಕ್ಕನೊಬ್ಬಳಿಗೆ ಬಿಟ್ಟು ಎಲ್ಲರಿಗೂ ಕೇಳಿಸುತ್ತಿತ್ತು. ಆಕೆ ಗಂಟಿನತ್ತ ನೋಡಿದಳು, ನಮ್ಮತ್ತ ನೋಡಿದಳು. ಸೂಜಿ ಚುಚ್ಚಿದ ಕೈಯನ್ನು ಕಷ್ಟಪಟ್ಟು ಎತ್ತಿ ತನ್ನ ಬಾಯಿಯ ಹತ್ತಿರ ತಂದು, ಬೆರಳು ಬಿಡಿಸಿ, ಹುಬ್ಬೇರಿಸಿದಳು. ಅಳುತ್ತಿದೆಯೇ?

ಅವ್ವ ಬಾಯಿ ಅಗಲ ತೆರೆದಳು. ಗಂಟಲ ಹತ್ತಿರದಿಂದ ಕೈಯನ್ನು ಊರಾಚೆಗೆ, ಕೃಷ್ಣೆಯಾಚೆಗೆ ಬೀಸಿ ಎಸೆದಳು. ನನ್ನ ಹೆಸರು.

ಅಕ್ಕ ನನ್ನ ಕಡೆ ನೋಡಿ ಸದ್ದಿಲ್ಲದೆ ನಕ್ಕಳು. ಆಮೇಲೆ ಅಂಗೈಯನ್ನು ಮೆಲ್ಲಗೆ ಕೂಸಿನ ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ, ಕೇಳಿಸಿಕೊಳ್ಳತೊಡಗಿದಳು.